ಮೊದಲು ಅಕ್ಷರ, ಆಮೇಲೆ ಅರಮನೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಕೊರಿಯಾದ ಸೋಲ್‌ಗೆ ಹೋಗುತ್ತೇನೆ ಅಂದೆಯಲ್ಲ, ಆಗ ನೀನು ಓದಿ ಹೇಳಿದ ಪಟ್ಟಿ ರಾತ್ರಿಯೆಲ್ಲ ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಆಫೀಸಿನ ಕೆಲಸ ಮುಗಿದ ಮೇಲೆ ನಿನಗೆ ಸಿಗುವುದು ನಾಲ್ಕು ದಿನ. ಪಟ್ಟಿಯಲ್ಲಿ ಹತ್ತೊಂಬತ್ತು ಜಾಗ. ನಿಮ್ಮಣ್ಣ ಅಲ್ಲಿ ಕೆಲಸದಲ್ಲಿದ್ದಾಗ ನಾನು ಹನ್ನೊಂದು ದಿನ ಇದ್ದು ಬಂದವಳು. ಅಷ್ಟು ದಿನದಲ್ಲೂ ನಾನು ನೋಡಿದ್ದು ಹಳೇ ಊರಿನ ಒಂದು ಭಾಗ ಮಾತ್ರ. ಆದರೂ ಆ ಊರು ನನ್ನೊಳಗೆ ಉಳಿದಿದೆ. ಅದಕ್ಕೇ ದೊಡ್ಡಮ್ಮನಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಪಟ್ಟಿ ಬಿಸಾಡು ಅನ್ನುವುದಿಲ್ಲ, ಮಡಿಸಿ ಬದಿಗಿಡು. ಹೊರಡುವುದಕ್ಕೆ ಮೊದಲು ಎರಡು ಸಂಜೆ ಬಿಡುವು ಮಾಡಿಕೊಂಡು ಕೊರಿಯನ್ನರ ಅಕ್ಷರ ಕಲಿ. ಭಾಷೆ ಕಲಿಯಬೇಕೆಂದಿಲ್ಲ, ಅದು ಎರಡು ಸಂಜೆಗೆ ಬರುವುದೂ ಇಲ್ಲ. ಅಕ್ಷರ ಬರುತ್ತದೆ. ಕನ್ನಡ ಓದುವವಳಿಗಂತೂ ಬೇಗ ಬರುತ್ತದೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದ ಅನುಭವದಿಂದ ಹೇಳುತ್ತಿದ್ದೇನೆ.

ಆ ಲಿಪಿಯ ಹೆಸರು ಹಂಗುಲ್. ಅದನ್ನು ರೂಪಿಸಿದವನು ಸೆಜೊಂಗ್ ಎಂಬ ರಾಜ. 1443ರಲ್ಲಿ ಸಿದ್ಧವಾಗಿ 1446ರಲ್ಲಿ ಪ್ರಜೆಗಳಿಗೆ ಪ್ರಕಟವಾಯಿತು. ಅಲ್ಲಿಯತನಕ ಓದುಬರಹವೆಂದರೆ ಚೀನೀ ಲಿಪಿ, ಅಂದರೆ ಬಿಡುವಿದ್ದವರ, ದೊಡ್ಡ ಮನೆತನದವರ ಸ್ವತ್ತು. ಜನ ಆಡುವ ಮಾತಿಗೆ ಬರೆಯಲು ಅಕ್ಷರವಿಲ್ಲವಲ್ಲ ಎಂಬ ಕೊರಗು ರಾಜನಿಗೆ ಹತ್ತಿತು. ಆಸ್ಥಾನದ ಪಂಡಿತರಲ್ಲಿ ಕೆಲವರು ಬಲವಾಗಿ ವಿರೋಧಿಸಿದರು. ಅವನು ಬಿಡಲಿಲ್ಲ.

ಅಕ್ಷರಗಳ ಆಕಾರವನ್ನು ಅವನು ನಮ್ಮ ಬಾಯಿಯೊಳಗಿಂದಲೇ ತೆಗೆದ. ಕಂಠ್ಯ, ದಂತ್ಯ, ಓಷ್ಠ್ಯ ಅಂತ ನಾವು ವರ್ಗ ಮಾಡಿ ಸಾಲಾಗಿ ಜೋಡಿಸಿಕೊಂಡದ್ದನ್ನು ಅವನು ಚಿತ್ರವಾಗಿ ಬರೆದ ಅಂದುಕೋ. ‘ಮ’ಕ್ಕೆ ಪುಟ್ಟ ಚೌಕ, ಅದು ಬಾಯಿ. ‘ಸ’ಕ್ಕೆ ಮನೆಯ ಮಾಡಿನ ಹಾಗೆ ಎರಡು ಇಳಿಜಾರು ಗೆರೆ, ಅದು ಹಲ್ಲು. ‘ನ’ಕ್ಕೆ ಕೆಳಗಿನಿಂದ ಮೇಲೆ ಬಾಗಿದ ಒಂದು ಮೂಲೆಗೆರೆ, ನಾಲಗೆಯ ತುದಿ ಮೇಲಿನ ವಸಡಿಗೆ ತಾಗಿದ ರೀತಿ. ಈಗಲೇ ಒಂದು ಸಲ ‘ನ’ ಅಂದು ನೋಡು, ನಿನ್ನ ನಾಲಗೆ ಆ ಆಕಾರದಲ್ಲೇ ನಿಂತಿರುತ್ತದೆ. ಅಕ್ಷರಗಳಿಗೆ ಈ ರೂಪ ಎಲ್ಲಿಂದ ಬಂತು ಎಂದು ವಿದ್ವಾಂಸರು ಬಹುಕಾಲ ಊಹೆ ಮಾಡುತ್ತಿದ್ದರು. 1940ರಲ್ಲಿ ಸೆಜೊಂಗನ ಕಾಲದ ವಿವರಣೆಯ ಗ್ರಂಥವೇ ಸಿಕ್ಕಿದ ಮೇಲೆ ಎಲ್ಲ ಸ್ಪಷ್ಟವಾಯಿತು.

ಇನ್ನೂ ಇದೆ. ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡುವಾಗ ನಾವು ‘ದ’ದ ಹೊಟ್ಟೆ ಸೀಳಿ ‘ಧ’ ಮಾಡುತ್ತೇವೆ, ‘ಪ’ ಸೀಳಿ ‘ಫ’ ಮಾಡುತ್ತೇವೆ. ಅವರೂ ಉಸಿರು ಜಾಸ್ತಿಯಾದ ಕಡೆ ಅದೇ ಅಕ್ಷರಕ್ಕೆ ಇನ್ನೊಂದು ಗೆರೆ ಎಳೆಯುತ್ತಾರೆ. ನಾವು ಒತ್ತಕ್ಷರವನ್ನು ಕೆಳಗೆ ಕೂರಿಸುವ ಹಾಗೆ ಅವರು ಉಚ್ಚಾರದ ಕೊನೆಯ ವ್ಯಂಜನವನ್ನು ಕೆಳಗೆ ಕೂರಿಸುತ್ತಾರೆ. ಅದಕ್ಕೆ ಬಾಟ್ಚಿಮ್ ಅಂತ ಹೆಸರು, ಆಧಾರ ಎಂದರ್ಥ. ನನಗೆ ಎಲ್ಲಕ್ಕಿಂತ ಪ್ರೀತಿಯಾದದ್ದು ಅವರ ಸೊನ್ನೆ. ನಮ್ಮ ‘ಅಂಗಳ’ದಲ್ಲಿ ಸೊನ್ನೆಗೆ ಯಾವ ಧ್ವನಿ ಇದೆಯೋ ಅದೇ ಧ್ವನಿಗೆ ಅವರೂ ಅಕ್ಷರದ ಕೆಳಗೆ ಒಂದು ಸೊನ್ನೆ ಸುತ್ತುತ್ತಾರೆ. ಊರಿನ ನಡುವೆ ಹರಿಯುವ ಹೊಳೆ ಹಾನ್‌ಗಾಂಗ್, ಅದರ ಹೆಸರಿನ ಕೊನೆಯಲ್ಲಿ ಆ ಸೊನ್ನೆ ಕಾಣುತ್ತೀ. ಇವತ್ತು ಮೂಲಾಕ್ಷರಗಳು ಒಟ್ಟು 24, ಹದಿನಾಲ್ಕು ವ್ಯಂಜನ ಮತ್ತು ಹತ್ತು ಸ್ವರ.

ಮೆಟ್ರೋದಲ್ಲಿ ಎಲ್ಲ ಕಡೆ ಇಂಗ್ಲಿಷ್ ಬೋರ್ಡು ಇರುತ್ತದೆ, ಮತ್ಯಾಕೆ ಈ ಕಷ್ಟ ಅಂತ ಕೇಳುತ್ತೀ. ಇಂಗ್ಲಿಷ್ ಇರುವುದು ಮೆಟ್ರೋದಲ್ಲಿ, ದೊಡ್ಡ ಬೀದಿಯಲ್ಲಿ. ಒಂದು ಗಲ್ಲಿ ಒಳಗೆ ಹೋದರೆ ಊಟದ ಮನೆಯ ಗೋಡೆಯ ಮೇಲೆ ಬರೀ ಹಂಗುಲ್. ಔಷಧಿ ಅಂಗಡಿಯ ಮೇಲೆ ಎಷ್ಟೋ ಕಡೆ ಒಂದೇ ಒಂದು ಅಕ್ಷರ, ‘ಯಾಕ್’. ರಾತ್ರಿ ತಲೆನೋವು ಬಂದಾಗ ಅದು ಬೇಕಾಗುತ್ತದೆ. ಓದಲು ಬಂದರೆ ಅರ್ಥವೂ ಅಲ್ಲಲ್ಲಿ ತಾನಾಗಿ ಸಿಗುತ್ತದೆ, ಏಕೆಂದರೆ ಅವರಲ್ಲೂ ಹೊರಗಿನಿಂದ ಬಂದ ಪದ ಬೇಕಾದಷ್ಟಿವೆ. ಅವರಿಗೆ ಇಂಗ್ಲಿಷಿನ ‘ಎಫ್’ ಧ್ವನಿ ಇಲ್ಲ, ಕಾಫಿಗೆ ‘ಖೊಪಿ’ ಅನ್ನುತ್ತಾರೆ. ನಮ್ಮಜ್ಜಿ ಬದುಕಿನುದ್ದಕ್ಕೂ ‘ಕಾಪಿ’ ಅಂದ ಹಾಗೆಯೇ.

ಜೊಂಗ್ನೊ ಎಂಬ ಹಳೇ ಬಡಾವಣೆಯ ಗಲ್ಲಿಯೊಂದರಲ್ಲಿ ನಾಲ್ಕು ಮೇಜಿನ ಊಟದ ಮನೆಗೆ ಹೋಗಿದ್ದೆ. ಮಗ ಆಫೀಸಿನಲ್ಲಿದ್ದ, ಒಬ್ಬಳೇ. ಗೋಡೆಯ ಮೇಲಿನ ಪಟ್ಟಿಯನ್ನು ಬೆರಳಿಟ್ಟು ಒಂದೊಂದೇ ಕೂಡಿಸಿ ‘ಗಾಮ್… ಜಾ… ಜೊನ್’ ಅಂದೆ. ಅಡುಗೆ ಮಾಡುತ್ತಿದ್ದ ಹಿರಿಯಾಕೆ ಸೌಟು ಬಿಟ್ಟು ಬಂದಳು. ಪಕ್ಕದ ಹೆಸರಿನ ಮೇಲೆ ಬೆರಳಿಟ್ಟು ‘ಇದು ಓದು’ ಎಂಬಂತೆ ನೋಡಿದಳು. ಓದಿದೆ. ಮುಂದಿನದು, ಅದನ್ನೂ ಓದಿದೆ. ತಪ್ಪಿದ ಕಡೆ ಆಕೆ ನಿಧಾನವಾಗಿ ಹೇಳಿಕೊಟ್ಟಳು, ನಾನು ಒಂದನೇ ತರಗತಿಯ ಮಕ್ಕಳಿಗೆ ಹೇಳಿಕೊಡುತ್ತಿದ್ದೆನಲ್ಲ, ಹಾಗೆ. ಗಾಮ್‌ಜಾಜೊನ್ ಅಂದರೆ ಆಲೂಗಡ್ಡೆ ತುರಿದು ಹುಯ್ಯುವ ದೋಸೆಯಂಥದ್ದು, ಬಿಸಿಬಿಸಿಯಾಗಿ ಬಂತು. ಅವತ್ತಿನಿಂದ ಸೋಲ್ ನನಗೆ ಪರವೂರು ಅನ್ನಿಸಲಿಲ್ಲ.

ಆಕೆಯನ್ನು ಹೇಗೆ ಕರೆಯಬೇಕು ಅಂತ ಮಗ ಮೊದಲೇ ಹೇಳಿಕೊಟ್ಟಿದ್ದ. ‘ಇಮೊ’ ಅಂದರೆ ಸಾಕು. ಇಮೊ ಎಂದರೆ ತಾಯಿಯ ಅಕ್ಕ ಅಥವಾ ತಂಗಿ, ಅಂದರೆ ನಾನು ನಿನಗೆ ಇಮೊ. ಗುರುತಿಲ್ಲದ ಹೆಂಗಸನ್ನು ನಾವು ‘ಅಕ್ಕಾ’, ‘ಅಮ್ಮಾ’ ಅನ್ನುವ ಹಾಗೆ ಅವರೂ ನೆಂಟಸ್ತಿಕೆಯ ಹೆಸರಿಟ್ಟೇ ಕರೆಯುತ್ತಾರೆ. ಮನೆಯಲ್ಲಿ ಅಪ್ಪನಿಗೆ ‘ಅಪ್ಪಾ’, ಅಮ್ಮನಿಗೆ ‘ಒಮ್ಮಾ’. ಅಪ್ಪನ ಅಣ್ಣನ ಹೆಂಡತಿಗೆ ‘ಖುನ್ ಒಮ್ಮಾ’, ಪದಶಃ ದೊಡ್ಡಮ್ಮ. ಇದು ಗೊತ್ತಾದ ದಿನ ನನಗೆ ಎಷ್ಟು ಸಂತೋಷವಾಯಿತು ಅಂತ ಬಾಯಲ್ಲಿ ಹೇಳಲಾರೆ. ಇಷ್ಟಕ್ಕೇ ಎರಡು ಭಾಷೆ ಒಂದೇ ಬಳ್ಳಿಯವು ಅಂತ ತೀರ್ಮಾನ ಮಾಡಬೇಡ. ಕಿವಿಗೆ ಹಿತವಾಗಿದೆ ಅನ್ನುವಷ್ಟಕ್ಕೆ ಇರಲಿ.

ಅದೇ ಇಮೊ ನನಗೆ ಇನ್ನೊಂದು ಕಲಿಸಿದಳು. ದುಡ್ಡು ಕೊಡುವಾಗ ನಾನು ನಮ್ಮ ಅಭ್ಯಾಸದಂತೆ ಬಲಗೈಯಲ್ಲಿ ಕೊಟ್ಟೆ. ಆಕೆ ಎರಡೂ ಕೈ ಚಾಚಿ, ತಲೆ ತಗ್ಗಿಸಿ ತೆಗೆದುಕೊಂಡಳು. ಚಿಲ್ಲರೆಯನ್ನೂ ಎರಡು ಕೈಯಲ್ಲೇ ಕೊಟ್ಟಳು. ಎಡಗೈಯಲ್ಲಿ ಕೊಡಬಾರದು ಎಂದು ನಮ್ಮ ಹಿರಿಯರು ಹೇಳಿದರೆ, ಎರಡೂ ಕೈಯಲ್ಲಿ ಕೊಡಬೇಕು ಎಂದು ಅವರ ಹಿರಿಯರು ಹೇಳಿದ್ದಾರೆ. ಒಂದೇ ಕೈ ಸಾಕಾದಾಗ ಇನ್ನೊಂದು ಕೈಯನ್ನು ಮೊಣಕೈ ಹತ್ತಿರ ಆನಿಸಿ ಹಿಡಿಯುತ್ತಾರೆ. ನಿನ್ನ ಆಫೀಸಿನಲ್ಲೂ ಇದು ಬೇಕು, ವಿಸಿಟಿಂಗ್ ಕಾರ್ಡು ಕೊಡುವಾಗ, ತೆಗೆದುಕೊಳ್ಳುವಾಗ. ಊಟಕ್ಕೆ ಕೂತರೆ ಹಿರಿಯರು ಚಮಚ ಎತ್ತುವ ತನಕ ಕಾಯಿ. ತಿನ್ನುವ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಊರಿ ನಿಲ್ಲಿಸಬೇಡ, ಅದು ತೀರಿಕೊಂಡವರಿಗೆ ಎಡೆ ಇಡುವ ಕ್ರಮ. ಅನ್ನವನ್ನು ಚಮಚದಲ್ಲಿ ತಿನ್ನಬಹುದು, ಅಲ್ಲಿ ಅದೇ ರೂಢಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಮೇಜಿನ ಮೇಲೆ ತಂದಿಡುವ ಸಣ್ಣ ಸಣ್ಣ ಪಲ್ಯ, ಉಪ್ಪಿನಕಾಯಿಗಳಿಗೆ ಬಾನ್‌ಚಾನ್ ಅನ್ನುತ್ತಾರೆ. ಅದಕ್ಕೆ ಬೇರೆ ದುಡ್ಡಿಲ್ಲ, ಮುಗಿದರೆ ಕೇಳಿ ಹಾಕಿಸಿಕೊಳ್ಳಬಹುದು.

ಊಟದ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ನಿನ್ನಮ್ಮನ ಚಿಂತೆಯೆಲ್ಲ ಅದರದ್ದೇ. ‘ಗೋಗಿ’ ಅಂದರೆ ಮಾಂಸ. ‘ಗೋಗಿ ಪ್ಪೆ ಜುಸೆಯೊ’ ಅಂದರೆ ಮಾಂಸ ತೆಗೆದು ಕೊಡಿ ಎಂದು. ಅಷ್ಟು ಹೇಳಿ ನಿಶ್ಚಿಂತೆಯಾಗಿ ಕೂರಬೇಡ. ಸಾರಿನ ತಳಪಾಯ ಬಹಳ ಕಡೆ ಒಣಗಿದ ಸಣ್ಣ ಮೀನು. ಕಿಮ್ಚಿಯಲ್ಲೂ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿ ಇಲ್ಲವೆ ಮೀನಿನ ರಸ ಇರುತ್ತದೆ. ಅವರು ಮೋಸ ಮಾಡುವುದಿಲ್ಲ, ಅದು ಅವರಿಗೆ ನಮ್ಮ ಇಂಗು, ಒಗ್ಗರಣೆ ಇದ್ದ ಹಾಗೆ. ಮಾಂಸ, ಮೀನು, ಸೀಗಡಿ, ಮೀನಿನ ಸಾರು ಯಾವುದೂ ಬೇಡ ಅಂತ ಹಂಗುಲ್‌ನಲ್ಲಿ ಒಂದು ಚೀಟಿ ಬರೆಸಿ ಪರ್ಸಿನಲ್ಲಿ ಇಟ್ಟುಕೋ. ಬಿಬಿಂಬಾಪ್ ಸಿಗುತ್ತದೆ, ಅನ್ನದ ಮೇಲೆ ಬಗೆಬಗೆಯ ತರಕಾರಿ ಇಟ್ಟು ಕಲಸಿ ತಿನ್ನುವುದು. ಗ್ವಾಂಗ್‌ಜಾಂಗ್ ಮಾರುಕಟ್ಟೆಗೆ ಹೋಗು, 1905ರಲ್ಲಿ ಶುರುವಾದದ್ದು. ಅಲ್ಲಿ ಹೆಸರುಬೇಳೆ ನೆನೆಹಾಕಿ ಬೀಸುವ ಕಲ್ಲಿನಲ್ಲಿ ರುಬ್ಬಿ, ಎಣ್ಣೆಯಲ್ಲಿ ದಪ್ಪಗೆ ಹುಯ್ದು ಕೊಡುತ್ತಾರೆ, ಬಿಂದೆತ್ತೊಕ್ ಅಂತ. ಕಲ್ಲು ತಿರುಗುವುದನ್ನು ನೋಡುತ್ತ ನಿಂತರೆ ನಮ್ಮ ಹಳೇ ಮನೆಯ ಹಿತ್ತಿಲ ಜಗಲಿ ಕಣ್ಣ ಮುಂದೆ ಬರುತ್ತದೆ. ಕೆಲವು ಕಡೆ ಹಂದಿಮಾಂಸ ಸೇರಿಸುತ್ತಾರೆ, ಕೇಳಿಯೇ ತೆಗೆದುಕೋ.

ಒಂದು ಊಟ ಮಾತ್ರ ಮುಂಚೆಯೇ ಕಾಯ್ದಿರಿಸಿ ಮಾಡು. ಊರ ನಡುವೆ ಜೊಗ್ಯೆಸಾ ಎಂಬ ಬೌದ್ಧ ದೇವಾಲಯ ಇದೆ. ಅದರ ಎದುರಿನ ಕಟ್ಟಡದಲ್ಲಿ ಬಾಲ್ವು ಗೊಂಗ್ಯಾಂಗ್ ಎಂಬ ಕಡೆ ಮಠದ ಅಡುಗೆ ಬಡಿಸುತ್ತಾರೆ. ಮಾಂಸ, ಮೀನು ಇಲ್ಲವೇ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಜಾತಿಯ ಘಾಟಿನ ಸೊಪ್ಪು, ಗಡ್ಡೆಗಳೂ ಇಲ್ಲ, ಧ್ಯಾನಕ್ಕೆ ಅಡ್ಡಿ ಎಂದು. ನಮ್ಮ ಮಠಗಳ ಪಂಕ್ತಿಯಲ್ಲಿ ಉಂಡು ಬೆಳೆದ ನಾಲಗೆಗೆ ಆ ರುಚಿ ಕೂಡಲೇ ಹತ್ತಿರವಾಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೂ ಮಾಡು. ಉಳಿದಂತೆ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ನಾನು ಕಟ್ಟಿಕೊಡುತ್ತೇನೆ. ಹಸಿ ಹಣ್ಣು, ತರಕಾರಿ ಬ್ಯಾಗಿಗೆ ಹಾಕಬೇಡ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ.

ಇನ್ನು ಬಂದಿಳಿಯುವ ಮಾತು. ಇಂಚೊನ್ ವಿಮಾನ ನಿಲ್ದಾಣದಿಂದ ಸೋಲ್ ಸ್ಟೇಷನ್ನಿಗೆ ನೇರ ರೈಲು ಇದೆ, ಎಲ್ಲ ಕಡೆ ನಿಲ್ಲುವ ಗಾಡಿ ಹತ್ತಿದರೆ ಸುಮಾರು ಒಂದು ಗಂಟೆ. ಸಣ್ಣ ಅಂಗಡಿಗಳಲ್ಲಿ ಟೀ-ಮನಿ ಕಾರ್ಡು ಸಿಗುತ್ತದೆ, ಅದಕ್ಕೆ ದುಡ್ಡು ತುಂಬಿಸಲು ನಗದು ಇಟ್ಟುಕೋ. ಬಸ್ಸಿನಲ್ಲಿ ಹತ್ತುವಾಗ ತಾಗಿಸಿದ ಹಾಗೆ ಇಳಿಯುವಾಗಲೂ ತಾಗಿಸು, ಮರೆತರೆ ಮುಂದಿನ ಮೆಟ್ರೋಗೆ ಸಿಗುವ ರಿಯಾಯಿತಿ ಹೋಗುತ್ತದೆ. ದಾರಿಗೆ ನೇವರ್ ಮ್ಯಾಪ್ ಹಾಕಿಕೋ, ಗೂಗಲ್ ಮ್ಯಾಪ್ ಅಲ್ಲಿ ನಡೆಯುವವರಿಗೆ ಬಹುಕಾಲದಿಂದ ಅರೆಬರೆ. ಮೆಟ್ರೋ ನಿಲ್ದಾಣಗಳ ಬಾಗಿಲಿಗೆಲ್ಲ ನಂಬರು ಇರುತ್ತದೆ. ಯಾರಾದರೂ ಸಿಗುತ್ತೇನೆ ಅಂದರೆ ನಿಲ್ದಾಣದ ಹೆಸರಿನ ಜೊತೆ ಬಾಗಿಲಿನ ನಂಬರೂ ಕೇಳು. ನಾನು ಒಮ್ಮೆ ಕೇಳದೆ, ಅಗಲವಾದ ರಸ್ತೆಯ ಆಚೆ ಬದಿಯಲ್ಲಿ ಎದ್ದು, ಮಗನನ್ನು ಮುಕ್ಕಾಲು ಗಂಟೆ ಕಾಯಿಸಿದೆ. ಬೋಗಿಯ ತುದಿಯ ಸೀಟುಗಳು ವಯಸ್ಸಾದವರಿಗೆ, ಗುಲಾಬಿ ಸೀಟು ಬಸುರಿಯರಿಗೆ. ಖಾಲಿ ಇದ್ದರೂ ಕೂರಬೇಡ. ಗಾಡಿಯೊಳಗೆ ಫೋನಿನಲ್ಲಿ ಮೆಲ್ಲಗೆ ಮಾತಾಡು. ಬೀದಿಯಲ್ಲಿ ಕಸದ ಬುಟ್ಟಿ ಅಪರೂಪ, 1995ರಿಂದ ಕಸದ ಚೀಲಕ್ಕೆ ದುಡ್ಡು ಕೊಟ್ಟೇ ಹಾಕುವ ಪದ್ಧತಿ. ನಿನ್ನ ಕಸ ನಿನ್ನ ಬ್ಯಾಗಿನಲ್ಲೇ ಇರಲಿ. ದಾರಿ ತಪ್ಪಿ ಗಾಬರಿಯಾದರೆ 1330ಕ್ಕೆ ಫೋನ್ ಮಾಡು, ಪ್ರವಾಸಿಗರಿಗೆಂದೇ ಇರುವ ನಂಬರು, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಪೊಲೀಸರಿಗೆ 112, ಆಂಬುಲೆನ್ಸಿಗೆ 119.

ಸೋಲ್ ಸ್ಟೇಷನ್ನಿನಲ್ಲಿ ಇಳಿದಾಗ ಹೊರಗೆ ಬಂದು, ಹೊಸ ಕಟ್ಟಡದ ಪಕ್ಕದಲ್ಲಿ ಗುಮ್ಮಟ ಇರುವ ಕೆಂಪು ಇಟ್ಟಿಗೆಯ ಹಳೇ ನಿಲ್ದಾಣವನ್ನು ಒಂದು ನಿಮಿಷ ನಿಂತು ನೋಡು. ಜಪಾನೀಯರು 1910ರಿಂದ 1945ರ ತನಕ ಆ ದೇಶ ಆಳಿದರು. ಕೊನೆಕೊನೆಗೆ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಹಾಕಿದರು. ಆ ಹೊತ್ತಿನಲ್ಲಿ ಕೆಲವರು ತಮ್ಮ ಮಾತಿನ ನಿಘಂಟು ಮಾಡುತ್ತಿದ್ದರು. 1942ರಲ್ಲಿ ಅವರನ್ನು ಹಿಡಿದು ಜೈಲಿಗೆ ಹಾಕಿದರು. ಇಬ್ಬರು ಸೆರೆಯಲ್ಲೇ ತೀರಿಕೊಂಡರು. ವರ್ಷಗಟ್ಟಲೆ ಪದ ಕೂಡಿಸಿ ಬರೆದ ಸಾವಿರಾರು ಹಾಳೆಗಳ ಹಸ್ತಪ್ರತಿ ಸಾಕ್ಷ್ಯವೆಂದು ಜಪ್ತಿಯಾಗಿ ಕಣ್ಮರೆಯಾಯಿತು. 1945ರ ಸೆಪ್ಟೆಂಬರಿನಲ್ಲಿ, ಸ್ವಾತಂತ್ರ್ಯ ಬಂದ ಕೆಲವೇ ವಾರಗಳಲ್ಲಿ, ಇದೇ ನಿಲ್ದಾಣದ ಗೋದಾಮಿನಲ್ಲಿ ಅದು ಸಿಕ್ಕಿತು. 1947ರಲ್ಲಿ ಮೊದಲ ಸಂಪುಟ ಅಚ್ಚಾಯಿತು, 1957ಕ್ಕೆ ಪೂರ್ತಿಯಾಯಿತು. ನೀನು ಕಲಿತು ಹೋಗುವ ಆ ಇಪ್ಪತ್ನಾಲ್ಕು ಅಕ್ಷರಕ್ಕಾಗಿ ಜನ ಜೀವ ಕೊಟ್ಟಿದ್ದಾರೆ ಪುಟ್ಟಿ. ಅದಕ್ಕೇ ಅಷ್ಟೊಂದು ಒತ್ತಾಯ ಮಾಡುತ್ತಿದ್ದೇನೆ.

ಉಳಿಯುವುದಕ್ಕೆ ಜೊಂಗ್ನೊ ಸುತ್ತಮುತ್ತಲೇ ರೂಮು ಹಿಡಿ. ಅರಮನೆ, ದೇವಾಲಯ, ಮಾರುಕಟ್ಟೆ, ತೊರೆ ಎಲ್ಲ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಗಾಂಗ್ನಾಮ್, ಮ್ಯೊಂಗ್‌ದೊಂಗ್ ಅಂತ ನಿನ್ನ ಪಟ್ಟಿಯಲ್ಲಿದ್ದವಲ್ಲ, ಗಾಜಿನ ಕಟ್ಟಡ ಮತ್ತು ಅಂಗಡಿ ಸಾಲಿಗೆ ಇಲ್ಲಿಂದ ಅಷ್ಟು ದೂರ ಹೋಗಬೇಕಾದದ್ದಿಲ್ಲ. ಇದು ನನ್ನ ಅಭಿಪ್ರಾಯ, ನಿನ್ನ ವಯಸ್ಸಿನವರಿಗೆ ಬೇರೆ ಇರಬಹುದು.

ಮೊದಲ ಬೆಳಿಗ್ಗೆ ಗ್ವಾಂಗ್‌ಹ್ವಾಮುನ್ ಚೌಕಕ್ಕೆ ಹೋಗು. ಅಲ್ಲಿ ಪುಸ್ತಕ ಹಿಡಿದು ಕೂತ ಸೆಜೊಂಗನ ದೊಡ್ಡ ಪ್ರತಿಮೆ ಇದೆ. ನಿನ್ನ ಪರ್ಸಿನ ಹತ್ತು ಸಾವಿರ ವೊನ್ ನೋಟಿನ ಮೇಲೂ ಅವನೇ. ಪ್ರತಿಮೆಯ ಅಡಿಯಲ್ಲಿ ನೆಲಮಾಳಿಗೆಯಲ್ಲಿ ಅವನ ಬಗ್ಗೆ, ಅಕ್ಷರದ ಬಗ್ಗೆ ಒಂದು ಪ್ರದರ್ಶನ ಇದೆ. ಹೆಚ್ಚಿನವರು ಮೇಲೆ ಫೋಟೋ ತೆಗೆದು ಮುಂದೆ ಹೋಗುತ್ತಾರೆ, ನೀನು ಇಳಿದು ನೋಡು. ಅಲ್ಲಿಂದ ಎದುರಿಗೇ ಗ್ಯೊಂಗ್‌ಬೊಕ್‌ಗುಂಗ್ ಅರಮನೆ. 1395ರಲ್ಲಿ ಕಟ್ಟಿದ್ದು, 1592ರ ಜಪಾನೀ ದಾಳಿಯ ಕಾಲದಲ್ಲಿ ಸುಟ್ಟುಹೋಗಿ ಪೌನೇ ಮುನ್ನೂರು ವರ್ಷ ಪಾಳುಬಿದ್ದಿತ್ತು. 1867ರಲ್ಲಿ ಮತ್ತೆ ಎದ್ದಿತು. ಮುಂದೆ ಆಳಲು ಬಂದವರು ಬಹುಪಾಲು ಕೆಡವಿ, ಮುಂಭಾಗದಲ್ಲೇ 1926ರಲ್ಲಿ ತಮ್ಮ ಆಡಳಿತ ಕಚೇರಿ ಕಟ್ಟಿದರು. ಸ್ವಾತಂತ್ರ್ಯದ ಐವತ್ತನೇ ವರ್ಷ, 1995ರಲ್ಲಿ, ಕೊರಿಯನ್ನರು ಆ ಕಚೇರಿಯನ್ನು ಬಿಚ್ಚತೊಡಗಿದರು. ಇವತ್ತು ನೀನು ನೋಡುವ ಎಷ್ಟೋ ಮಂಟಪಗಳು ಹೊಸ ಮರದವು. ಹಳೇ ಕಾಲದ್ದಲ್ಲ ಎಂದು ಮುಖ ಸಿಂಡರಿಸುವವರನ್ನು ಕಂಡೆ, ನನಗೆ ಹಾಗೆ ಅನ್ನಿಸಲಿಲ್ಲ. ಮಂಗಳವಾರ ರಜೆ, ನೆನಪಿಡು. ಅವರ ಹಾನ್‌ಬೊಕ್ ಉಡುಪು ಬಾಡಿಗೆಗೆ ಉಟ್ಟು ಹೋದರೆ ಟಿಕೆಟ್ಟಿಲ್ಲ. ಉಡು, ನಿನಗೆ ಚೆನ್ನಾಗಿ ಕಾಣುತ್ತದೆ.

ಪಕ್ಕದ ಚಾಂಗ್‌ದೊಕ್‌ಗುಂಗ್ ಅರಮನೆಗೆ ಸೋಮವಾರ ರಜೆ. ಅದರ ಹಿಂದಿನ ತೋಟಕ್ಕೆ ಗೊತ್ತಾದ ಹೊತ್ತಿನ ಬೇರೆ ಟಿಕೆಟ್ಟು, ಮುಂಚೆಯೇ ತೆಗೆದಿಡು. ನೀನು ಹೋಗುವುದು ಅಕ್ಟೋಬರ್ ಕೊನೆ, ಮೇಪಲ್ ಎಲೆ ಕೆಂಪಗಾಗುವ ಸಮಯ. ಬೆಳಿಗ್ಗೆ ಚಳಿ, ಸ್ವೆಟರ್ ಇರಲಿ. ಎರಡು ಅರಮನೆಗಳ ನಡುವೆ ಬುಕ್‌ಚೊನ್, ಹಂಚಿನ ಹಳೇ ಮನೆಗಳ ಕೇರಿ. ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಪ್ರವಾಸಿಗರ ಗಲಾಟೆ ತಾಳಲಾರದೆ ಈಗ ಕೆಲವು ಓಣಿಗಳಿಗೆ ಬೆಳಿಗ್ಗೆ 10ರಿಂದ ಸಂಜೆ 5ರ ತನಕ ಮಾತ್ರ ಬಿಡುತ್ತಾರೆ, ಮೀರಿದರೆ ದಂಡ. ಮೇಲುಕೋಟೆಯ ಹಳೇ ಬೀದಿಯಲ್ಲಿ ಯಾರೋ ನಮ್ಮ ಕಿಟಕಿಯೊಳಗೆ ಕ್ಯಾಮೆರಾ ತೂರಿಸಿದರೆ ನಮಗೆ ಹೇಗನ್ನಿಸೀತು? ಮಾತಿಲ್ಲದೆ ನಡೆದು ಬಾ.

ಸಂಜೆಗೆ ನಾಕ್‌ಸಾನ್ ಗುಡ್ಡ. ಹಳೇ ಊರಿನ ಸುತ್ತ 1396ರಲ್ಲಿ ಕಟ್ಟಿದ ಕೋಟೆಗೋಡೆ ಹದಿನೆಂಟು ಕಿಲೋಮೀಟರಿಗಿಂತ ಉದ್ದ, ಅದರಲ್ಲಿ ಈ ತುಂಡು ಹತ್ತಲು ಸುಲಭ. ಗೋಡೆಯ ಹೊರಬದಿಯಲ್ಲಿ ನಡೆ, ಕಲ್ಲು ಅಲ್ಲಿ ಕಾಣುತ್ತದೆ. ಕೆಳಗೆ ಒರಟು ಸಣ್ಣ ಕಲ್ಲು ಮೊದಲ ರಾಜನ ಕಾಲದ್ದು, ಅಂಚು ಗುಂಡಗಿರುವವು ಸೆಜೊಂಗನ ಕಾಲದ ದುರಸ್ತಿ, ದೊಡ್ಡ ಚೌಕ ಕಲ್ಲು 1700ರ ಆಸುಪಾಸಿನವು. ದೊಂಗ್‌ದೆಮುನ್ ಬಾಗಿಲ ಬಳಿ ಕೆಲವು ಕಲ್ಲುಗಳ ಮೇಲೆ ಕೆಲಸ ಮಾಡಿಸಿದವರ ಹೆಸರು ಕೆತ್ತಿದೆ. ದೀಪ ಹತ್ತುವ ಹೊತ್ತಿಗೆ ಕೆಳಗಿಳಿದು ಚೊಂಗ್ಯೆಚೊನ್ ತೊರೆಯ ಪಕ್ಕ ಕೂರು. ಅದನ್ನು ಕಾಂಕ್ರೀಟಿನಲ್ಲಿ ಮುಚ್ಚಿ, ಮೇಲೆ ಮೇಲ್ಸೇತುವೆ ಕಟ್ಟಿದ್ದರು. ಎಲ್ಲ ಕಿತ್ತು, 2005ರಲ್ಲಿ ಸುಮಾರು ಆರು ಕಿಲೋಮೀಟರ್ ಉದ್ದಕ್ಕೆ ಮತ್ತೆ ನೀರು ಹರಿಸಿದರು. ನೀರು ಬಹುಪಾಲು ಪಂಪಿನಿಂದ ಬರುವುದು, ನಿಜ. ಆದರೂ ನಮ್ಮ ವೃಷಭಾವತಿಯ ಗತಿ ನೆನೆದು ನನಗೆ ಅಲ್ಲಿಂದ ಬೇಗ ಏಳಲಾಗಲಿಲ್ಲ.

ಒಂದು ದಿನ ಯೊಂಗ್‌ಸಾನ್ ಕಡೆಗೆ ಇಡು. ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಎಲ್ಲ ನೋಡಲು ಹೋಗಬೇಡ. ಚಿಂತನೆಯ ಕೋಣೆ ಎಂದು ಒಂದಿದೆ, ಅರೆಗತ್ತಲು. ಅಲ್ಲಿ ಎರಡೇ ವಿಗ್ರಹ, ಒಂದು ಕಾಲು ಮಡಿಸಿ, ಕೆನ್ನೆಗೆ ಬೆರಳು ತಾಗಿಸಿ ಯೋಚನೆಯಲ್ಲಿ ಮುಳುಗಿದ ಬೋಧಿಸತ್ವರು, ಕಂಚಿಗೆ ಚಿನ್ನದ ಲೇಪ, ಸುಮಾರು ಸಾವಿರದ ನಾನೂರು ವರ್ಷದವು. ಆ ತುಟಿಯಂಚಿನ ನಗೆಯ ಮುಂದೆ ಅರ್ಧ ಗಂಟೆ ಕೂತುಬಿಡು.

ಅಲ್ಲೇ ಹತ್ತಿರದಲ್ಲಿ ಯುದ್ಧ ಸ್ಮಾರಕವೂ ಇದೆ, ಅದಕ್ಕೆ ಸೋಮವಾರ ರಜೆ. ಉತ್ತರ ಕೊರಿಯಾದ ಗಡಿ ನೋಡುವ ಬಸ್ ಪ್ರವಾಸಕ್ಕೆ ನಿನ್ನ ನಾಲ್ಕು ದಿನದಲ್ಲಿ ಒಂದನ್ನು ಕೊಡುವ ಬದಲು ಇಲ್ಲಿಗೆ ಹೋಗು. ಕೊರಿಯಾ ಯುದ್ಧದಲ್ಲಿ 1950ರ ಜೂನ್‌ನಿಂದ 1951ರ ಮಾರ್ಚ್ ಒಳಗೆ ಸೋಲ್ ನಾಲ್ಕು ಸಲ ಕೈ ಬದಲಾಯಿತು. ನೀನು ಓಡಾಡುವ ಈ ಹೊಳೆಯುವ ಊರು ಆಗ ಬೂದಿ. ನಮ್ಮ ದೇಶ ಆ ಯುದ್ಧಕ್ಕೆ ಸೈನಿಕರನ್ನು ಕಾದಾಡಲು ಕಳಿಸಲಿಲ್ಲ, ಒಂದು ವೈದ್ಯಕೀಯ ಪಡೆಯನ್ನು ಕಳಿಸಿತು. ಯುದ್ಧ ನಿಂತ ಮೇಲೆ, ತಮ್ಮ ದೇಶಕ್ಕೆ ಮರಳಲು ಒಪ್ಪದ ಸಾವಿರಾರು ಕೈದಿಗಳನ್ನು ಏನು ಮಾಡುವುದು ಎಂಬ ಕಗ್ಗಂಟು ಬಿಡಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ. ನಾನು ಪಾಠ ಮಾಡುತ್ತಿದ್ದ ದಿನಗಳಲ್ಲಿ ಅವರ ಮನೆ ‘ಸನ್ನಿಸೈಡ್’ ಮುಂದೆ ಎಷ್ಟು ಸಲ ಹಾದುಹೋಗಿದ್ದೇನೋ! ಕೊರಿಯಾ ಎಂಬ ಹೆಸರು ಆ ಮನೆಯ ಜೊತೆ ಕೂಡಿಕೊಂಡಿದೆ ಎಂದು ನನಗೆ ತಟ್ಟಿದ್ದು ಸೋಲ್‌ನಲ್ಲಿ ನಿಂತಾಗ.

ಹೊರಡುವ ಹಿಂದಿನ ಭಾನುವಾರ ಮನೆಗೆ ಬಾ. ಚಟ್ನಿಪುಡಿ ಸಿದ್ಧ ಇರುತ್ತದೆ, ಹಲಗೆ ಬಳಪವೂ ಇರುತ್ತದೆ. ಒಂದು ಸಲ ನನ್ನೆದುರಿಗೇ ಬರೆದು ತೋರಿಸು. ಅಲ್ಲಿ ಹೋದ ಮೇಲೆ ಯಾವುದಾದರೂ ಬೋರ್ಡನ್ನು ಇಂಗ್ಲಿಷ್ ನೋಡದೆ ನೀನೇ ಓದಿದ ಕೂಡಲೇ ಫೋನ್ ಮಾಡು. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ನಿನಗೆ ಬೆಳಗಿನ ಎಂಟಾದರೆ ನನಗೆ ಇನ್ನೂ ನಾಲ್ಕೂವರೆ, ಆದರೂ ಮಾಡು. ಎದ್ದಿರುತ್ತೇನೆ.

ನಿನ್ನ ದೊಡ್ಡಮ್ಮ